ಮಾವನ ಮಂಡಿ, ತಮ್ಮನ ರೋಬೋ

ಹಿಂದೆ ಚಟಪಟ ಅಂತ ಕೇಳ್ತಿರೋದು ಚಂಡೆ ಅಲ್ಲ, ಮಳೆ. ಆಷಾಢದಲ್ಲಿ, ನಮ್ಮ ಹೊಸನಗರ ಕಡೆ, ತಗಡಿನ ಮಾಡಿನ ಕೆಳಗೆ ಕೂತು ವಾಯ್ಸ್ ಓವರ್ ಮಾಡೋದು ಅಂದ್ರೆ ಹೀಗೇ. ಮೈಕ್ ಸಮೇತ ಕಂಬಳಿ ಹೊದ್ಕೊಂಡು ಮಾತಾಡ್ತಿದೀನಿ. ಬೆವರ್ತಾನೂ ಇದೀನಿ.

ಈಗ ಕಾಣ್ತಿರೋದು ನಮ್ಮ ಜಗಲಿ. ಅಡಿಕೆ ಚೀಲದ ಪಕ್ಕ ಕೂತಿರೋನು ನನ್ನ ತಮ್ಮ, ಚಿಕ್ಕಪ್ಪನ ಮಗ, ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದ್ತಾನೆ. ಅವನೆದುರು ನಿಂತಿರೋದು ಅವನು ಕಟ್ಟಿದ ರೋಬೋ. ಗೇಣುದ್ದ ಇದೆ. ಮೆದುಳಿಗೆ ಒಂದು ಆರ್ಡುಯಿನೋ ಬೋರ್ಡು, ಕೈಕಾಲು ತಿರುಗಿಸೋಕೆ ಎಂಟು ಪುಟ್ಟ ಸರ್ವೋ ಮೋಟರು, ರಟ್ಟಿನ ಮೈ. ತಲೆಗೆ ಯಕ್ಷಗಾನ ವೇಷಕ್ಕಿರೋ ಹಾಗೆ ಬೇಗಡೆ ಕಾಗದದ ಕೇದಗೆ ಮುಂದಲೆ ಇರ್ಲೇಬೇಕು ಅಂತ ಹಠ ಮಾಡಿದ್ದು ನಾನು.

ಇವನಿಗೆ ಈ ಹುಚ್ಚು ಹತ್ತಿಸಿದ್ದು ಒಂದು ವಿಡಿಯೊ. 2020ರ ಡಿಸೆಂಬರ್ 29ಕ್ಕೆ ಬಾಸ್ಟನ್ ಡೈನಾಮಿಕ್ಸ್‌ನವರು ಬಿಟ್ಟಿದ್ದು. ಮನುಷ್ಯನ ಆಕಾರದ ಎರಡು ಅಟ್ಲಾಸ್, ನಾಯಿಯಂಥ ಸ್ಪಾಟ್, ಚಕ್ರದ ಮೇಲೆ ನಿಲ್ಲೋ ಹ್ಯಾಂಡಲ್, ಎಲ್ಲ ಸೇರಿ ಒಂದು ಹಳೇ ಅಮೆರಿಕನ್ ಹಾಡಿಗೆ ಕುಣಿಯುತ್ವೆ. ನೋಡಿದ್ರೆ ಅವಕ್ಕೆ ಎಷ್ಟು ಖುಷಿ ಅನ್ಸುತ್ತೆ. ಆದ್ರೆ ಆ ಹೆಜ್ಜೆಗಳ ಹಿಂದೆ ಇದ್ದೋರು ಮೋನಿಕಾ ಥಾಮಸ್ ಅನ್ನೋ ನೃತ್ಯ ಸಂಯೋಜಕಿ. ಅದಾದ್ಮೇಲೆ 2025ರ ಜನವರಿಯಲ್ಲಿ ಚೀನಾದ ಹೊಸವರ್ಷದ ಟಿವಿ ಕಾರ್ಯಕ್ರಮದಲ್ಲಿ ಯೂನಿಟ್ರೀ ಕಂಪನಿಯ 16 ರೋಬೋಗಳು ಹೂವಿನ ಜಾಕೆಟ್ ಹಾಕ್ಕೊಂಡು, ಕರವಸ್ತ್ರ ತಿರುಗಿಸ್ತಾ, ಅಲ್ಲಿನ ಹಳ್ಳಿ ಕುಣಿತ ಕುಣಿದ್ವು. ಸುಳ್ಳು ಯಾಕೆ, ನಂಗೆ ಮೈ ಜುಂ ಅಂತು.

ಸರಿ, ನಮ್ಮದಕ್ಕೆ ಬರೋಣ. ಇವನಿಗೆ ಯಕ್ಷಗಾನದ ಮಂಡಿ ಕುಣಿಸ್ಬೇಕು ಅಂತ ಆಸೆ. ಮೊಣಕಾಲೂರಿ ಗಿರಗಿರ ಸುತ್ತೋದು ಇದರ ಕೈಲಿ ಎಲ್ಲಾಗುತ್ತೆ? ಮಂಡಿ ಬಗ್ಗಿಸಿ ಅರ್ಧ ಸುತ್ತು ಬಂದ್ರೆ ಸಾಕು ಅಂತ ರಾಜಿ ಆಗಿದ್ವಿ. ಎರಡು ಸಲ ಬಂತು. ಮೂರನೇ ಸಲ... ನೋಡಿ ಇಲ್ಲಿ, ನಿಧಾನ ಮಾಡಿದೀನಿ. ಕಟ್ ಅಂತ ಬಲಮಂಡಿ ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಹೋಯ್ತು. ಅಂಗಾತ ಬಿತ್ತು. ಬಿದ್ದಲ್ಲೇ ಕಾಲು ತಾಳಕ್ಕೆ ಸರಿಯಾಗಿ ಆಡ್ತಾನೇ ಇದೆ! ಈ ಅಗ್ಗದ ಸರ್ವೋ ಇಷ್ಟು ಡಿಗ್ರಿ ತಿರುಗು ಅಂದ್ರೆ ತಿರುಗೋಕೆ ನೋಡುತ್ತೆ, ತಿರುಗಿದ್ನೋ ಇಲ್ವೋ ಅಂತ ಬೋರ್ಡಿಗೆ ವಾಪಸ್ ಹೇಳಲ್ಲ. ಅಟ್ಲಾಸ್ ಹಾಗಲ್ಲ ಬಿಡಿ, ಅದು ಕ್ಷಣಕ್ಷಣಕ್ಕೂ ತನ್ನ ಮೈಯ ಓಲಾಟ ಅಳೆದು ಸರಿಮಾಡ್ಕೊಳ್ಳುತ್ತೆ.

"ಎಂತದು ಮಾರಾಯ, ಬಿದ್ದದ್ದೇ ಗೊತ್ತಿಲ್ಲ ಇದಕ್ಕೆ!" ಅಂತ ನಗ್ತಿರೋರು ಅತ್ತೆ ಮನೆ ಮಾವ. ಹವ್ಯಾಸಿ ವೇಷಧಾರಿ. ತಮ್ಮನೋ, ಮುಖ ಸಣ್ಣ ಮಾಡ್ಕೊಂಡು ಲ್ಯಾಪ್‌ಟಾಪ್ ತೆಗ್ದು ಪ್ರೋಗ್ರಾಮಿನಲ್ಲಿದ್ದ ಮಂಡಿಯ ಸಾಲನ್ನೇ ಅಳಿಸಿಹಾಕ್ದ.

ನಂಗೆ ನೆನಪಾಗಿದ್ದು ಮಾವನದೇ ಒಂದು ರಾತ್ರಿ. ಕೊಯ್ಲಾದ ಗದ್ದೆಯಲ್ಲಿ ಯಕ್ಷಗಾನದ ಆಟ, ಇವರ ಅಭಿಮನ್ಯು. ಹಿಂದಿನ ವಾರವಷ್ಟೇ ತೋಟದ ಸಂಕದ ಮೇಲೆ ಜಾರಿ ಮೊಣಕಾಲು ಊದಿಸ್ಕೊಂಡಿದ್ರು, ಬಣ್ಣ ಹಚ್ಕೊಳ್ಳೋ ಚೌಕಿಯಲ್ಲಿ ಯಾರಿಗೂ ಹೇಳಿರ್ಲಿಲ್ಲ. ಮಂಡಿ ಹಾಕೋ ಜಾಗ ಬಂತು. ಚಂಡೆ ಏರ್ತಿದೆ. ಮಾವ ಕೂರ್ಲೇ ಇಲ್ಲ. ನಿಂತಲ್ಲೇ ಬಿಲ್ಲು ಹಿಡಿದ ಕೈಯನ್ನ ಒಂಚೂರು ಒಂಚೂರೇ ಇಳಿಸಿ, ಸುತ್ತ ನಿಂತ ಕೌರವರನ್ನ ಒಬ್ಬೊಬ್ಬರನ್ನಾಗಿ ನೋಡ್ತಾ ಬಂದ್ರು. ಪದ್ಯ ಹಾಡಿ ಕುಣಿಸೋ ಭಾಗವತರಿಗೆ ಏನೋ ಹೊಳೀತು, ಪದ್ಯದ ಕೊನೇ ಸಾಲನ್ನ ತಗ್ಗಿಸಿ ಮತ್ತೆ ಎತ್ತಿಕೊಟ್ರು. ಕಡಲೆ ಜಗೀತಿದ್ದೋರೂ ಸುಮ್ಮನಾದ್ರು.

ಅಲ್ಲಿವರೆಗೆ ಮಾವ ಕುಣಿದಿದ್ದೆಲ್ಲ ಕಲಿಸಿದ ಹೆಜ್ಜೆ, ತಲೆಮಾರಿನಿಂದ ಬಂದಿದ್ದು. ತನ್ನನ್ನ ತೋರಿಸ್ಕೋಬೇಕು ಅಂತ ಅವರು ಹೊರಟೇ ಇರ್ಲಿಲ್ಲ. ಮಂಡಿ ಕೈಕೊಟ್ಟ ಆ ಒಂದು ಗಳಿಗೆಯಲ್ಲಿ, ಅಷ್ಟು ಬಣ್ಣದ ಹಿಂದಿಂದ, ಮಾವ ಕಂಡ್ರು. ನಾನೋ, ರೀಲ್ಸಿಗೆ ಎಂಟರ ಲೆಕ್ಕದಲ್ಲಿ ಎಲ್ಲರ ಹೆಜ್ಜೆಯನ್ನೇ ಹಾಕಿ, ಕಾಲು ತಪ್ಪಿದ ಟೇಕೆಲ್ಲ ಡಿಲೀಟ್ ಮಾಡೋಳು. ನಾನು ಇದ್ದಿದ್ದು ಡಿಲೀಟ್ ಆದವುಗಳಲ್ಲೇ ಏನೋ.

ಈ ಕತೆ ಹೇಳಿದ್ದೇ ತಪ್ಪಾಯ್ತು. ತಮ್ಮ ಕಂಪಾಸ್ ಬಾಕ್ಸಿಂದ ಕೋನಮಾಪಕ ತಂದ. "ಮಾವ, ಆ ಕೈ ಇಳಿಸಿದ್ರಲ್ಲ, ಒಂದ್ಸಲ ತೋರ್ಸಿ." ಮಾವ ಲುಂಗಿ ಎತ್ತಿ ಕಟ್ಟಿ, ಕೊಡೆಯನ್ನೇ ಬಿಲ್ಲು ಮಾಡ್ಕೊಂಡು ಇಳಿಸಿದ್ರು. 40 ಡಿಗ್ರಿ. ಇನ್ನೊಂದ್ಸಲ ಅಂದ. 65. ಮತ್ತೊಂದ್ಸಲ ಅಂದ್ರೆ ಕೈ ಅರ್ಧಕ್ಕೇ ನಿಂತು ಕುತ್ತಿಗೆ ತಿರುಗ್ತು.

"ಇದ್ರಲ್ಲಿ ಯಾವ್ದು ಹಾಕ್ಲಿ ಮಾವ?"

ಮಾವ ಕೊಡೆ ಗೋಡೆಗೆ ಒರಗಿಸಿದ್ರು. "ಭಾಗವತರು ಯಾರು ಅಂತ ಹೇಳು ಮೊದ್ಲು."