ಬರದ ವರ್ಷ ಅಳಿವೆಯ ಲೆಕ್ಕ ಬೆಳಗಿನ ಜಾವ ತೆಗೆಯಿರಿ

ನಮಸ್ಕಾರ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ನೀರು ತೆಗೆದು ಇಂಗಾಲದ ಲೆಕ್ಕ ಇಡುವವರಿಗೆ ಈ ಮಾತು. ಶಿರಸಿ ಸೀಮೆಯಲ್ಲಿ ಹುಟ್ಟಿ ತದಡಿಯಲ್ಲಿ ಕಡಲು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಕಾಳಿ ಹೊಳೆಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಕರೆಂಟು ತೆಗೆದ ನೀರು ಬೇಸಿಗೆಯಲ್ಲೂ ಕಾರವಾರದತ್ತ ಹರಿಯುತ್ತದೆ. ಮಳೆ ಕೈಕೊಟ್ಟರೆ ಅಘನಾಶಿನಿಯಲ್ಲಿ ಆ ಆಸರೆಯಿಲ್ಲ. ಹರಿವು ಸೊರಗಿ, ಭರತದ ಉಪ್ಪುನೀರು ಮೇಲಕ್ಕೆ ಏರುತ್ತದೆ.

ಉಪ್ಪಿನ ಜೊತೆ ಸಲ್ಫೇಟ್ ಬರುತ್ತದೆ. ಅದನ್ನು ಬಳಸುವ ಬ್ಯಾಕ್ಟೀರಿಯಾ ಕೆಸರಿನಲ್ಲಿ ಮೀಥೇನ್ ಹುಟ್ಟಿಸುವ ಸೂಕ್ಷ್ಮಜೀವಿಗಳ ಆಹಾರ ಕಸಿಯುತ್ತವೆ, ಮೀಥೇನ್ ಇಳಿಯುತ್ತದೆ. ಹಾಗಾದರೆ ಬರ ಒಳ್ಳೆಯದೇ? ಖಂಡಿತ ಅಲ್ಲ. ಆ ಆಹಾರವಾದ ಕೊಳೆತ ಎಲೆಯ ಇಂಗಾಲ ಈಗ ಬೈಕಾರ್ಬನೇಟ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ನೀರಿಗೆ ಸೇರುತ್ತದೆ, ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್.

ಇದರ ಮೇಲೆ ಊರಿನ ಚರಂಡಿ ನೀರು. ತುಂಬಿ ಹರಿಯುವ ಹೊಳೆ ಅದನ್ನು ತೊಳೆದು ಒಯ್ಯುತ್ತಿತ್ತು. ನಿಂತ ನೀರಿನಲ್ಲಿ ಸಾರಜನಕ, ರಂಜಕ ಪಾಚಿಯನ್ನು ಬೆಳೆಸುತ್ತವೆ. ಮಧ್ಯಾಹ್ನ ಪಾಚಿ ಕಾರ್ಬನ್ ಡೈಆಕ್ಸೈಡ್ ಹೀರುತ್ತದೆ, ಪಿಎಚ್ ಏರುತ್ತದೆ, ಅಳಿವೆ ಆರೋಗ್ಯವಾಗಿ ಕಾಣುತ್ತದೆ. ರಾತ್ರಿ ಎಲ್ಲವೂ ಉಸಿರಾಡುತ್ತವೆ, ಯಾವುದೂ ಹೀರುವುದಿಲ್ಲ. 30 ಡಿಗ್ರಿಯ ಕಡಲನೀರು ಹಿಡಿಯುವ ಆಮ್ಲಜನಕವೇ ಲೀಟರಿಗೆ 6 ಮಿಲಿಗ್ರಾಂ ಆಸುಪಾಸು. ಅದು 2ಕ್ಕಿಂತ ಇಳಿದರೆ ಮೀನು ಓಡೀತು, ಕೆಸರಿನಲ್ಲಿ ಹುದುಗಿರುವ ಚಿಪ್ಪುಜೀವಿ ಬಳಚು ಎಲ್ಲಿಗೆ ಹೋಗಬೇಕು? (ಬಳಚಿನ ಚಿಪ್ಪಿನ ರಾಶಿಯನ್ನು ಇಂಗಾಲದ ಉಳಿತಾಯ ಎನ್ನುವವರಿದ್ದಾರೆ. ಚಿಪ್ಪು ಕಟ್ಟುವಾಗ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ, ಆ ಲೆಕ್ಕ ತಪ್ಪು.)

ಆದ್ದರಿಂದ ಮಧ್ಯಾಹ್ನದ ಒಂದೇ ಬಾಟಲಿ ನಂಬಬೇಡಿ. ಸೂರ್ಯ ಹುಟ್ಟುವ ಮೊದಲು ಒಮ್ಮೆ, ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಇನ್ನೊಮ್ಮೆ ತೆಗೆಯಿರಿ. ಮೇಲ್ಮೈಯಿಂದ ಒಂದು, ತಳಕ್ಕಿಂತ ಅರ್ಧ ಮೀಟರ್ ಮೇಲಿಂದ ಇನ್ನೊಂದು. ಆಮ್ಲಜನಕದ ಬಾಟಲಿ ಉಕ್ಕುವವರೆಗೆ ತುಂಬಿ, ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಿ, ಆಮ್ಲಜನಕವನ್ನು ಹಿಡಿದಿಡುವ ರಾಸಾಯನಿಕವನ್ನು ದೋಣಿಯಲ್ಲೇ ಹಾಕಿ. ದಡಕ್ಕೆ ತರುವಷ್ಟರಲ್ಲಿ ಬ್ಯಾಕ್ಟೀರಿಯಾ ಆಮ್ಲಜನಕವನ್ನು ತಿಂದು ಮುಗಿಸುತ್ತಿರುತ್ತವೆ. ಕಡಲಿನಿಂದ ದೂರ, ಹೊಳೆಯ ಮೇಲ್ಹರಿವಿನ ಕಡಿಮೆ ಉಪ್ಪಿನ ಕಂದು ನೀರಿನಲ್ಲಿ ಪಿಎಚ್ ಮತ್ತು ಕ್ಷಾರೀಯತೆಯಿಂದ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿಯಿಂದ) ಕಾರ್ಬನ್ ಡೈಆಕ್ಸೈಡ್ ಲೆಕ್ಕ ಹಾಕಿದರೆ ಉಬ್ಬಿದ ಅಂಕಿ ಬರುತ್ತದೆ, ಎಲೆಗಳ ಸಾವಯವ ಆಮ್ಲಗಳು ಕ್ಷಾರೀಯತೆಯಲ್ಲಿ ಸೇರಿಬಿಡುತ್ತವೆ. ಅಲ್ಲಿ ಅನಿಲವನ್ನೇ ನೇರವಾಗಿ ಅಳೆಯಬೇಕು.

ಮೇ ಕೊನೆಗೆ ಅಳತೆ ನಿಲ್ಲಿಸುವ ಅಭ್ಯಾಸವೂ ಬಿಡಬೇಕು. ಕಬ್ಬಿಣ, ಗಂಧಕ ಕೂಡಿ ಕೂತಿರುವ ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಕೆಸರು ಬರದಲ್ಲಿ ಒಣಗಿ ಗಾಳಿಗೆ ಒಡ್ಡಿದರೆ ಗಂಧಕಾಮ್ಲ ಹುಟ್ಟುತ್ತದೆ. ಜೂನ್‌ನ ಮೊದಲ ಮಳೆ ಅದನ್ನು ಅಳಿವೆಗೆ ತೊಳೆದರೆ ಬೈಕಾರ್ಬನೇಟ್ ಮತ್ತೆ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಆ ವಾರದ ನೀರು ತೆಗೆಯದಿದ್ದರೆ ಬರದ ಲೆಕ್ಕ ಅರ್ಧವೇ.