ಸಹಿ ಹಾಕುವ ಮುಂಚೆ ಕನ್ನಡದಲ್ಲಿ ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವಳು. ಮೂವತ್ತೊಂದು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಡಾಕ್ಟರರು ಮಾತಾಡಬೇಕಾದ ವಿಷಯವನ್ನು ಇವತ್ತು ನಾನು ತೆಗೆದಿದ್ದೇನೆ. ಯಾಕೆಂದರೆ ನನ್ನ ತಮ್ಮನ ಜೊತೆ ಆರು ವಾರ ಆಸ್ಪತ್ರೆಯ ಬೆಂಚಿನ ಮೇಲೆ ಕೂತವಳು ನಾನು.

ತಮ್ಮನದು ಅಡಿಕೆ ತೋಟ. ಅವನಿಗೆ ಖಿನ್ನತೆ ಬಂದು ಎರಡು ವರ್ಷವಾಗಿತ್ತು. ಕೊಳೆರೋಗಕ್ಕೆ ಮದ್ದು ಬಿಡುವ ಹೊತ್ತಿಗೂ ಜಗಲಿಯಿಂದ ಇಳಿಯುತ್ತಿರಲಿಲ್ಲ. ಎರಡು ಬಗೆಯ ಮಾತ್ರೆ ಕೊಟ್ಟು ನೋಡಿದರು, ಹೆಚ್ಚೇನೂ ಆಗಲಿಲ್ಲ. ಆಗ ಕೇರಳದ ತೆಂಕಣ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ, ತಲೆಗೆ ಕಾಂತದ ಚಿಕಿತ್ಸೆ ಕೊಡುವ ಅಧ್ಯಯನ ನಡೆಯುತ್ತಿದೆ, ಸೇರುತ್ತೀರಾ ಎಂದು ಕೇಳಿದರು.

ಸೇರಬೇಕಾದರೆ ಒಪ್ಪಿಗೆ ಪತ್ರಕ್ಕೆ ಸಹಿ ಬೇಕು. ಪತ್ರ ಮಲಯಾಳದಲ್ಲಿತ್ತು, ಇಂಗ್ಲಿಷಿನಲ್ಲೂ ಇತ್ತು. ತಮ್ಮನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಮ್ಮ ಕಡೆ ಕನ್ನಡ ಶಾಲೆಯಲ್ಲಿ ಓದಿದ ಎಷ್ಟೋ ಜನ ಹಾಗೆಯೇ, ಅಲ್ವಾ? "ಎಲ್ಲರೂ ಸಹಿ ಹಾಕ್ತಾರೆ, ನೀವೂ ಹಾಕಿ" ಅಂದರು ಅಲ್ಲಿದ್ದವರು. ನಾನು ಬಿಡಲಿಲ್ಲ. ಅಲ್ಲಿನ ನರ್ಸ್ ಒಬ್ಬರು ಪುಣ್ಯಾತ್ಗಿತ್ತಿ, ಊಟದ ಹೊತ್ತಿನಲ್ಲಿ ಕೂತು ಒಂದೊಂದೇ ಸಾಲು ಓದಿ ಹೇಳಿದರು. ನಾನು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡೆ.

ಒಂದೇ ಒಂದು ಪದಕ್ಕೆ ನಾನು ಸಿಕ್ಕಿಬಿದ್ದೆ. ಆ ಪದದ ಬಗ್ಗೆ ಹೇಳುವ ಮುಂಚೆ ಯಂತ್ರದ ಬಗ್ಗೆ ಎರಡು ಮಾತು ಹೇಳಬೇಕು.

ಮಕ್ಕಳಿಗೆ ನಾನು ಪ್ರತಿ ವರ್ಷ ತೋರಿಸುತ್ತಿದ್ದ ಪ್ರಯೋಗ ಒಂದುಂಟು. ತಾಮ್ರದ ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ಸರಕ್ಕನೆ ತೂರಿಸಿದರೆ ಮೀಟರಿನ ಮುಳ್ಳು ಜಿಗಿಯುತ್ತದೆ. ಕಾಂತಕ್ಷೇತ್ರ ಬದಲಾದರೆ ಕರೆಂಟು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಮತ್ತು ಅವರ ಜೊತೆಯವರು ಅದೇ ತತ್ವವನ್ನು ಮನುಷ್ಯನ ತಲೆಯ ಮೇಲೆ ಮಾಡಿ ತೋರಿಸಿದರು. ತಲೆಬುರುಡೆ ಕರೆಂಟನ್ನು ಬಹುಪಾಲು ತಡೆಯುತ್ತದೆ, ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಆದ್ದರಿಂದ ತಲೆಗೆ ತಾಗಿಸಿ ಹಿಡಿದ ಸುರುಳಿಯಲ್ಲಿ ಜೋರಾದ ಕರೆಂಟನ್ನು ಕ್ಷಣಮಾತ್ರ ಹರಿಸಿದರೆ, ಕೊಯ್ಯದೆ, ಚುಚ್ಚದೆ, ಒಳಗಿನ ಮಿದುಳಿನ ಜೀವಕೋಶಗಳು ಎಚ್ಚೆತ್ತುಕೊಳ್ಳುತ್ತವೆ. ಇದಕ್ಕೆ ಟಿಎಂಎಸ್ ಎನ್ನುತ್ತಾರೆ. ಜನ ಹೆದರುವ ಶಾಕ್ ಟ್ರೀಟ್ಮೆಂಟ್ ಇದಲ್ಲ. ಇಲ್ಲಿ ಅರಿವಳಿಕೆ ಇಲ್ಲ, ಎಚ್ಚರವಾಗಿಯೇ ಕುರ್ಚಿಯಲ್ಲಿ ಕೂತಿರುತ್ತೀರಿ.

ಮೊದಲ ದಿನ ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ಡಾಕ್ಟರರು ಸುರುಳಿಯನ್ನು ತಮ್ಮನ ತಲೆಯ ಎಡಬದಿಗೆ ಹಿಡಿದರು. ಟಕ್ ಎಂದಿತು. ಬಲಗೈಯ ಹೆಬ್ಬೆರಳು ತಾನಾಗಿ ಎಗರಿತು. ಮತ್ತೆ ಟಕ್, ಮತ್ತೆ ಎಗರಿತು. ವರ್ಷಗಟ್ಟಲೆ ಅಡಿಕೆ ಸುಲಿದು ದಪ್ಪಗಟ್ಟಿದ ಬೆರಳು ಅದು. ತಮ್ಮ ಅದನ್ನೇ ನೋಡುತ್ತಾ, "ಅಕ್ಕಾ, ಇದು ನಾನು ಆಡಿಸಿದ್ದಲ್ಲ" ಅಂದ. ಬೆರಳು ಆಡಲು ಎಷ್ಟು ಬಲ ಬೇಕು ಎಂದು ನೋಡಿಕೊಂಡು, ಆ ಲೆಕ್ಕದಲ್ಲಿ ಚಿಕಿತ್ಸೆಯ ಬಲ ನಿಗದಿ ಮಾಡುತ್ತಾರೆ. ಆಮೇಲೆ ಸುರುಳಿಯನ್ನು ಹಣೆಯ ಎಡಭಾಗದ ಕಡೆಗೆ ಸರಿಸುತ್ತಾರೆ. ನಾಲ್ಕು ಸೆಕೆಂಡು ತೋಟದ ಮರಕುಟುಕ ಕುಟ್ಟಿದ ಹಾಗೆ ಟಕಟಕ, ಇಪ್ಪತ್ತಾರು ಸೆಕೆಂಡು ಸುಮ್ಮನೆ, ಮತ್ತೆ ಟಕಟಕ. ಹೀಗೆ ಮೂವತ್ತೇಳೂವರೆ ನಿಮಿಷದಲ್ಲಿ 3000 ಸಲ. ವಾರಕ್ಕೆ ಐದು ದಿನ.

ಈಗ ಆ ಪದ. ಪತ್ರದಲ್ಲಿತ್ತು: ಸೇರಿದವರಲ್ಲಿ ಅರ್ಧ ಜನರಿಗೆ ನಿಜವಾದ ಚಿಕಿತ್ಸೆ, ಉಳಿದ ಅರ್ಧಕ್ಕೆ ಶಾಮ್. ಅಂದರೆ ಅದೇ ಕುರ್ಚಿ, ಅದೇ ಸದ್ದು, ಚರ್ಮದ ಮೇಲೆ ಅದೇ ಬಡಿತ, ಆದರೆ ಕಾಂತದ ಬಲ ಮಿದುಳಿಗೆ ಮುಟ್ಟುವುದಿಲ್ಲ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವ ಡಾಕ್ಟರರಿಗೂ ಗೊತ್ತಿಲ್ಲ. ಇದಕ್ಕೆ ಕನ್ನಡದಲ್ಲಿ ಏನೆಂದು ಬರೆಯಲಿ? "ಸುಳ್ಳು ಚಿಕಿತ್ಸೆ" ಎಂದು ಬರೆದು ಹೊಡೆದುಹಾಕಿದೆ, ಮೋಸ ಮಾಡಿದ ಹಾಗೆ ಕೇಳಿಸಿತು. "ಖಾಲಿ ಚಿಕಿತ್ಸೆ" ಎಂದೆ, ಅದೂ ಸರಿಹೋಗಲಿಲ್ಲ. ಕೊನೆಗೆ "ತೋರಿಕೆ ಚಿಕಿತ್ಸೆ" ಎಂದು ಬರೆದು ತಮ್ಮನಿಗೆ ಓದಿ ಹೇಳಿದೆ. ಅವನು ತುಂಬಾ ಹೊತ್ತು ಸುಮ್ಮನಿದ್ದ. "ಸುಮ್ನೆ ಕೂರಿಸಿ ಕಳಿಸೋದಕ್ಕೆ ಇಷ್ಟು ದೂರ ಬರಬೇಕಾ?" ಎಂದು ಕೇಳಿದ.

ನ್ಯಾಯವಾದ ಪ್ರಶ್ನೆ. ಆದರೆ ತೋರಿಕೆ ಇಲ್ಲದಿದ್ದರೆ ನಿಜ ಗೊತ್ತಾಗುವುದೇ ಇಲ್ಲ. ದಿನಾ ಎದ್ದು, ಸ್ನಾನ ಮಾಡಿ, ಹೊರಗೆ ಹೊರಟು, ನಾಲ್ಕು ಜನರ ಮುಖ ನೋಡಿ, "ಇವತ್ತು ಹೇಗಿದ್ದೀರಿ?" ಎಂದು ಕೇಳಿಸಿಕೊಂಡರೇ ಖಿನ್ನತೆಯವರಿಗೆ ಸ್ವಲ್ಪ ಹಗುರ ಆಗುತ್ತದೆ. ಆ ಹಗುರವನ್ನು ಯಂತ್ರದ ಲೆಕ್ಕಕ್ಕೆ ಬರೆಯಬಾರದು. ಇದೇ ಜಾತಿಯ ಇನ್ನೊಂದು ಚಿಕಿತ್ಸೆ ಇದೆ, ಟಿಡಿಸಿಎಸ್. ತಲೆಗೆ ಒದ್ದೆ ಸ್ಪಂಜು ಕಟ್ಟಿ ಒಂದೆರಡು ಮಿಲಿಆಂಪಿಯರ್ ಕರೆಂಟು ಹರಿಸುವುದು. 2017ರಲ್ಲಿ ಬ್ರೆಜಿಲ್‌ನಲ್ಲಿ 245 ಜನರ ಮೇಲೆ ನಡೆದ ಅಧ್ಯಯನದಲ್ಲಿ ಅದು ತೋರಿಕೆಗಿಂತ ಮೇಲಾಯಿತು, ಆದರೆ ಖಿನ್ನತೆಯ ಮಾತ್ರೆಗೆ ಸಮ ಎಂದು ತೋರಿಸಲು ಆಗಲಿಲ್ಲ. 2023ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ, ಮಾತ್ರೆಯ ಜೊತೆಗೆ ಅದನ್ನು ಕೊಟ್ಟಾಗ ತೋರಿಕೆಗಿಂತ ಹೆಚ್ಚೇನೂ ಸಿಗಲಿಲ್ಲ. ಟಿಎಂಎಸ್ ಇಂಥ ಪರೀಕ್ಷೆಗಳನ್ನು ದಾಟಿಯೇ ಬಂತು. 2008ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಇನ್ನೊಂದು ಅಧ್ಯಯನ ನನಗೆ ತುಂಬಾ ಹತ್ತಿರದ್ದು ಅನಿಸುತ್ತದೆ. 2018ರಲ್ಲಿ ಕೆನಡಾದವರು 414 ಜನರಲ್ಲಿ ನೋಡಿದರು: ಮೂವತ್ತೇಳೂವರೆ ನಿಮಿಷದ ಕೆಲಸವನ್ನು ಬೇರೆ ಲಯದಲ್ಲಿ ಮೂರೇ ನಿಮಿಷದಲ್ಲಿ ಮುಗಿಸಿದರೂ ಗುಣ ಕಡಿಮೆಯಾಗಲಿಲ್ಲ. ಒಂದೇ ಯಂತ್ರದಲ್ಲಿ ದಿನಕ್ಕೆ ಎಷ್ಟೋ ಜಾಸ್ತಿ ಜನರನ್ನು ನೋಡಬಹುದು. ಆದರೂ ವಾರಕ್ಕೆ ಐದು ದಿನ ಹೋಗಲೇಬೇಕಲ್ಲ. ಬದಿಯಡ್ಕದಿಂದ, ಮುಳ್ಳೇರಿಯದಿಂದ ಮಂಗಳೂರಿಗೆ ಹೋಗುವವರಾದರೂ ಮೂರು ನಿಮಿಷಕ್ಕಾಗಿ ಅರ್ಧ ದಿನ ಬಸ್ಸಿನಲ್ಲಿ ಕಳೆಯಬೇಕು, ಅದೂ ಇಪ್ಪತ್ತು ಮೂವತ್ತು ಸಲ. ಅಧ್ಯಯನಕ್ಕೆ ಸೇರುವವರು ಪ್ರಯಾಣದ ಖರ್ಚು ಯಾರದ್ದು ಎಂದು ಮೊದಲೇ ಕೇಳಿ. ನಾಚಿಕೆ ಬೇಡ. ನಾವಂತೂ ಆಸ್ಪತ್ರೆಯ ಹತ್ತಿರವೇ ಒಂದು ರೂಮು ಹಿಡಿದಿದ್ದೆವು.

ಕೆಲವು ತಿಂಗಳ ನಂತರ ಗುಟ್ಟು ಬಿಚ್ಚಿ ಹೇಳಿದರು. ತಮ್ಮನಿಗೆ ಸಿಕ್ಕಿದ್ದು ತೋರಿಕೆ. ಮೊದಲ ದಿನ ಹೆಬ್ಬೆರಳು ಎಗರಿದ್ದು ಮಾತ್ರ ನಿಜದ ಕಾಂತದಿಂದ. ಆ ಆರು ವಾರ ಅವನಿಗೆ ಸ್ವಲ್ಪ ನಿದ್ದೆ ಬರುತ್ತಿತ್ತು, ಊಟವೂ ಸೇರುತ್ತಿತ್ತು, ಹಾಗಾಗಿ ಕೇಳಿದಾಗ ಅವನಿಗೆ ಬೇಸರವಾಯಿತು, ಎರಡು ದಿನ ಮಾತೇ ಆಡಲಿಲ್ಲ. ನಾನು ನೋಟುಪುಸ್ತಕ ತೆಗೆದು ನಾಲ್ಕನೇ ಪುಟ ತೋರಿಸಿದೆ. ತೋರಿಕೆ ಗುಂಪಿನವರಿಗೆ ಅಧ್ಯಯನ ಮುಗಿದ ಮೇಲೆ ನಿಜವಾದ ಚಿಕಿತ್ಸೆ ಉಚಿತ ಎಂದು ಅಲ್ಲಿತ್ತು. ಆ ಸಾಲು ಗೊತ್ತಿಲ್ಲದಿದ್ದರೆ ಅವನು ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಹೋದ. ಪೂರ್ತಿ ಗುಣವಾದ ಎಂದು ನಾನು ಹೇಳುವುದಿಲ್ಲ, ಮಾತ್ರೆ ಈಗಲೂ ಇದೆ. ಈ ಮಳೆಗಾಲ ಮದ್ದು ಬಿಡುವಾಗ ಮಾತ್ರ ಪಂಪಿನ ಹತ್ತಿರ ತಾನೇ ನಿಂತಿದ್ದ.

ನಿಮ್ಮ ಮನೆಯವರನ್ನು ಯಾರಾದರೂ ಇಂಥ ಅಧ್ಯಯನಕ್ಕೆ ಕರೆದರೆ, ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂಬುದು ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳಿದ ನಿಯಮ. ಕೇಳುವುದು ದಾಕ್ಷಿಣ್ಯದ ವಿಷಯವೇ ಅಲ್ಲ. ಇಂಥ ಅಧ್ಯಯನಗಳನ್ನು ದಾಖಲಿಸುವ ದೇಶದ ಪಟ್ಟಿ ಸಿಟಿಆರ್‌ಐ, ಅದರಲ್ಲಿ ನೋಂದಣಿ ಸಂಖ್ಯೆ ಎಷ್ಟು ಎಂದೂ ಕೇಳಿ, 2009ರಿಂದ ನಮ್ಮ ದೇಶದಲ್ಲಿ ಇದು ಕಡ್ಡಾಯ. ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು. ತಲೆಯೊಳಗೆ ಲೋಹದ ಕ್ಲಿಪ್ಪು, ಕಿವಿಯೊಳಗೆ ಕೂರಿಸಿದ ಕಾಕ್ಲಿಯರ್ ಯಂತ್ರ, ಪೇಸ್‌ಮೇಕರ್ ಇದ್ದರೆ, ಹಿಂದೆ ಫಿಟ್ಸ್ ಬಂದಿದ್ದರೆ ಮುಚ್ಚಿಡಬೇಡಿ. ಟಿಎಂಎಸ್‌ನಿಂದ ಫಿಟ್ಸ್ ಬರುವುದು ತೀರಾ ಅಪರೂಪ, ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆ. ತಲೆನೋವು ಸಾಮಾನ್ಯ. ಡಾಕ್ಟರರು ಹೇಳದೆ ಮಾತ್ರೆ ನಿಲ್ಲಿಸಬೇಡಿ.

ಮತ್ತೆ, ಇಷ್ಟು ದೂರ ಹೋಗುವ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಉಂಟು. 14416ಕ್ಕೆ ಫೋನು ಮಾಡಿ, ದುಡ್ಡು ಬೇಡ. ಭಾಷೆ ಯಾವುದು ಎಂದು ಕೇಳಿದಾಗ ಕನ್ನಡ ಆರಿಸಿಕೊಳ್ಳಿ. ನಮಸ್ಕಾರ.