ನಡೆದದ್ದಲ್ಲ, ನಡೆದುಕೊಂಡದ್ದು

ನಮಸ್ಕಾರ, ಕೇಳುಗರೇ.

ದಿನಚರಿ ಬರೆಯುವುದರ ಬಗ್ಗೆ ಎಲ್ಲಿ ಮಾತಾಡಿದರೂ ಮೊದಲ ಪ್ರಶ್ನೆ ಒಂದೇ. ಯಾವ ನೋಟ್‌ಬುಕ್ ತಗೊಳ್ಳಲಿ, ಯಾವ ಪೆನ್ನು ಒಳ್ಳೆಯದು? ದಯವಿಟ್ಟು ಅದನ್ನು ಬಿಟ್ಟುಬಿಡಿ. ಕೈಗೆ ಸಿಕ್ಕ ಹಾಳೆ ಸಾಕು. ನಾನು ಇವತ್ತು ಹೇಳುವುದು ಒಂದೇ ಮಾತು. ನಡೆದದ್ದನ್ನು ಬರೆಯಬೇಡಿ, ನೀವು ನಡೆದುಕೊಂಡದ್ದನ್ನು ಬರೆಯಿರಿ.

ಇದು ಸ್ಟೋಯಿಕರ ದಾರಿ. ಸುಮಾರು 2300 ವರ್ಷಗಳ ಹಿಂದೆ ಅಥೆನ್ಸಿನಲ್ಲಿ ಶುರುವಾಗಿ, ಆಮೇಲೆ ರೋಮಿನಲ್ಲಿ ಬೆಳೆದ ತತ್ವಪಂಥ ಅದು. ಅವರ ತಿರುಳು ಇಷ್ಟೇ: ಇನ್ನೊಬ್ಬರ ಬಾಯಿ ನಿಮ್ಮ ಕೈಯಲ್ಲಿಲ್ಲ, ಕಾಯಿಲೆ ನಿಮ್ಮ ಕೈಯಲ್ಲಿಲ್ಲ. ಅವಕ್ಕೆ ನೀವು ಏನು ಬೆಲೆ ಕೊಡುತ್ತೀರಿ, ತಿರುಗಿ ಏನು ಮಾಡುತ್ತೀರಿ, ಅದು ನಿಮ್ಮ ಕೈಯಲ್ಲಿದೆ. ಬರೆಯಬೇಕಾದದ್ದು ಅದನ್ನೇ.

ಸೆನೆಕನ ಕಥೆ ಹೇಳಲೇಬೇಕು, ನನಗೆ ತುಂಬಾ ಇಷ್ಟವಾದದ್ದು. ಸೆನೆಕ ಸ್ಟೋಯಿಕ್ ಪಂಥದವನು, ರೋಮಿನ ದೊಡ್ಡ ಮನುಷ್ಯ, ನೀರೋ ಚಕ್ರವರ್ತಿಗೆ ಗುರುವಾಗಿದ್ದವನು. ಕೋಪದ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ತನ್ನ ರಾತ್ರಿಯ ಅಭ್ಯಾಸ ಹೇಳಿಕೊಳ್ಳುತ್ತಾನೆ. ಕೋಣೆಯಿಂದ ದೀಪ ತೆಗೆದುಕೊಂಡು ಹೋಗುತ್ತಾರೆ. ಹೆಂಡತಿಗೆ ಇವನ ರೂಢಿ ಗೊತ್ತು, ಅವಳು ಸುಮ್ಮನಾಗುತ್ತಾಳೆ. ಆಗ ಇವನು ತನ್ನ ಮೇಲೆ ತಾನೇ ವಿಚಾರಣೆ ನಡೆಸುತ್ತಾನೆ. ಇಡೀ ದಿನವನ್ನು ತಿರುವಿ ನೋಡುತ್ತಾನೆ, ಏನನ್ನೂ ಮುಚ್ಚಿಡುವುದಿಲ್ಲ.

ಎಂಥ ವಿಷಯಗಳು ಬರುತ್ತವೆ ನೋಡಿ. ರಾಜಕೀಯವಲ್ಲ, ಯುದ್ಧವಲ್ಲ. ಆ ವಾದದಲ್ಲಿ ನೀನು ಜಾಸ್ತಿ ಜಗಳಕ್ಕೆ ನಿಂತೆ ಅಂತ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಅವನಿಗೆ ಬುದ್ಧಿ ಹೇಳಲು ಹೋಗಿ ನೋಯಿಸಿದೆ, ತಿದ್ದಲಿಲ್ಲ ಅನ್ನುತ್ತಾನೆ. ಮುಂದಿನ ಸಲ, ಹೇಳುವುದು ನಿಜವೇ ಅಂತ ಮಾತ್ರ ನೋಡಬೇಡ, ಕೇಳುವವನು ಅದನ್ನು ತಡೆದುಕೊಳ್ಳುತ್ತಾನಾ ಅಂತಲೂ ನೋಡು! ಔತಣದಲ್ಲಿ ಗೌರವ ಕಡಿಮೆಯ ಜಾಗ ಕೊಟ್ಟರು ಅಂತ ಸಿಟ್ಟು ಬರುವುದೂ ಅದೇ ಪುಸ್ತಕದಲ್ಲಿದೆ. 2000 ವರ್ಷ ಆದರೂ ನಾವು ಅಲ್ಲೇ ಇದ್ದೇವೆ, ಅಲ್ವಾ? ಅವನು ಆ ಜಾಗ ಕೊಟ್ಟದ್ದು ನಡೆದದ್ದು. ಮುಖ ಊದಿಸಿಕೊಂಡು ಕೂತದ್ದು ನಾನು ನಡೆದುಕೊಂಡದ್ದು.

ಇನ್ನೊಂದು ಮಾತು ಇದೆ, ಇದನ್ನು ಎಲ್ಲರೂ ಮರೆಯುತ್ತಾರೆ. ವಿಚಾರಣೆ ಮುಗಿದ ಮೇಲೆ ಸೆನೆಕ ತನ್ನನ್ನು ಬೈದುಕೊಳ್ಳುವುದಿಲ್ಲ. ಮತ್ತೆ ಹೀಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ ಅಂತ ಹೇಳಿಕೊಳ್ಳುತ್ತಾನೆ. ಆಮೇಲೆ ಬರುವ ನಿದ್ದೆ ಎಷ್ಟು ಗಾಢ ಅಂತ ಹೊಗಳುತ್ತಾನೆ. ತಮ್ಮನ್ನು ತಾವೇ ಹಳಿದುಕೊಂಡು ಪುಟ ತುಂಬಿಸುವವರು ಇದನ್ನು ಸ್ವಲ್ಪ ಕೇಳಿಸಿಕೊಳ್ಳಿ.

ಸೆನೆಕ ಇದನ್ನೆಲ್ಲ ಮನಸ್ಸಿನಲ್ಲೇ ಮಾಡುತ್ತಿದ್ದ. ನಮ್ಮ ಮನಸ್ಸು ಅಷ್ಟು ಹೊತ್ತು ಒಂದು ಕಡೆ ನಿಲ್ಲುವುದಿಲ್ಲ, ಅದಕ್ಕೇ ಹಾಳೆ ಬೇಕು.

ಸಮಯ ಓಡುತ್ತಿದೆ. ಮಾರ್ಕಸ್ ಅರೇಲಿಯಸ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇವನೂ ಸ್ಟೋಯಿಕನೇ, ಕ್ರಿ.ಶ. 161ರಿಂದ 180ರವರೆಗೆ ರೋಮಿನ ಚಕ್ರವರ್ತಿ. ಡ್ಯಾನ್ಯೂಬ್ ಗಡಿಯಲ್ಲಿ ಯುದ್ಧ, ರಾಜ್ಯದಲ್ಲಿ ಸಾಂಕ್ರಾಮಿಕ ರೋಗ. ಅವನ ಟಿಪ್ಪಣಿಗಳು ಉಳಿದಿವೆ, ಆದರೆ ಅವುಗಳಲ್ಲಿ ಯುದ್ಧದ ವರದಿ ಹುಡುಕಬೇಡಿ. ಬೆಳಿಗ್ಗೆ ಏಳಲು ಮನಸ್ಸಿಲ್ಲದಾಗ ತನಗೆ ತಾನೇ ಏನು ಹೇಳಿಕೊಳ್ಳಬೇಕು, ಕೃತಜ್ಞತೆ ಇಲ್ಲದವರು, ಸೊಕ್ಕಿನವರು ಇವತ್ತೂ ಎದುರಾಗುತ್ತಾರೆ, ಆಗ ಹೇಗಿರಬೇಕು, ಇಂಥವೇ. ಚಕ್ರವರ್ತಿಗೂ ಬೇಕಾದದ್ದು ನಡೆದುಕೊಳ್ಳುವ ಲೆಕ್ಕವೇ. ಗುಲಾಮನಾಗಿ ಹುಟ್ಟಿ ಸ್ಟೋಯಿಕ್ ಗುರುವಾದ ಎಪಿಕ್ಟೆಟಸ್ ಕೂಡ ಶಿಷ್ಯರಿಗೆ ಇವನ್ನು ದಿನಾ ಬರೆಯಿರಿ ಅಂತಲೇ ಹೇಳಿದ. ಅವನ ಬಗ್ಗೆ ಇನ್ನೂ ಹೇಳುವುದಿತ್ತು, ಇರಲಿ.

ಇವತ್ತು ರಾತ್ರಿ ಮೂರು ವಾಕ್ಯ ಬರೆಯಿರಿ, ಜಾಸ್ತಿ ಬೇಡ. ವಾಕ್ಯ ‘ಅವನು’ ಅಥವಾ ‘ಅವಳು’ ಅಂತ ಶುರುವಾದರೆ ಹೊಡೆದುಹಾಕಿ, ‘ನಾನು’ ಅಂತ ಶುರುಮಾಡಿ. ಎಲ್ಲಿ ಎಡವಿದೆ, ಎಲ್ಲಿ ತಡೆದುಕೊಂಡೆ, ನಾಳೆ ಏನು ಮಾಡುತ್ತೇನೆ. ಚೆನ್ನಾಗಿ ಬರೆಯಲು ಹೋಗಬೇಡಿ. ಯಾರಿಗೂ ತೋರಿಸಲೂ ಬೇಡಿ. ತೋರಿಸುವುದಿದೆ ಅಂದ ಕೂಡಲೇ ಕೈ ಸುಳ್ಳು ಬರೆಯಲು ಶುರುಮಾಡುತ್ತದೆ.

ನಮಸ್ಕಾರ.